ದಿನಕ್ಕೆರಡು ಘಳಿಗೆ

ನನ್ನ ಡೈರಿಯಲ್ಲಿ ದಿನಕ್ಕೆ ಹದಿನಾರು ಸಾಲು.
ಆರಕ್ಕೆ ಹಾಲು, ಆರೂವರೆಗೆ ಅತ್ತೆಯ ಬಿಪಿ ಮಾತ್ರೆ,
ಎಂಟೂ ನಲವತ್ತಕ್ಕೆ ಅಘನಾಶಿನಿ ದಕ್ಕೆಯಲ್ಲಿ ಬಾರ್ಜು,
ಒಂಬತ್ತೂವರೆಗೆ ತದಡಿ ಪೋಸ್ಟಾಫೀಸಿನ ಬೀಗ.
ಮುಗಿದದ್ದಕ್ಕೆ ಕೆಂಪು ಪೆನ್ನಿನ ಗೀಟು.
ಗೀಟೆಳೆಯುವ ಸುಖಕ್ಕೇ ಕೆಲವೊಮ್ಮೆ
ಮಾಡಿ ಮುಗಿಸಿದ್ದನ್ನು ಆಮೇಲೆ ಬರೆದದ್ದೂ ಉಂಟು.

ಮೂರಕ್ಕೆ ಕ್ಯಾಶ್ ಬಂದ್.
ಗೋಡೆಯ ಗಡಿಯಾರ ಎರಡು ನಿಮಿಷ ಮುಂದೆ;
ನಾನೇ ಇಟ್ಟದ್ದು.

ಮೂರೂ ಹತ್ತಕ್ಕೆ ಕಿಟಕಿಗೆ ಬಂದಳು ಕುಸಲಿ.
ಮೊಣಕಾಲ ತನಕ ಕೆಸರು ಒಣಗಿ ಬೂದಿಬಣ್ಣ,
ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಆರ್‌ಡಿ ಪುಸ್ತಕ,
ಐನೂರು ರೂಪಾಯಿ, ಎಲ್ಲ ಹತ್ತು ಇಪ್ಪತ್ತರ ಒದ್ದೆ ನೋಟು.
‘ಕ್ಯಾಶ್ ಮುಗೀತು. ನಾಳೆ ಸ್ವಲ್ಪ ಬೇಗ ಬಾ.’
ಅವಳು ಜಗಳ ಆಡಲಿಲ್ಲ.
‘ನಾಳೆ ಇನ್ನೂ ತಡ ಆಗ್ತದೆ ಅಕ್ಕೋರೇ.
ನಾಡಿದ್ದು ಅದಕ್ಕಿಂತ.’

ನನಗೆ ಸಿಟ್ಟು ಬಂತು.
ತಡವನ್ನೂ ಮೊದಲೇ ಗೊತ್ತುಮಾಡಿ ಹೇಳುವವರಿಗೆ
ಏನು ಹೇಳುವುದು?

ಸಂಜೆ ಬಾರ್ಜಿನಲ್ಲಿ ಟಿಕೆಟ್ ಹರಿಯುವ ಜಟ್ಟಿ ನಕ್ಕ:
‘ಇವತ್ತು ದಶಮಿ ಅಲ್ದಾ? ನೀರು ಇಳಿಯೂದೇ ಒಂದೂವರೆಗೆ.
ಬಳಚು ಹೆಕ್ಕಿ, ತೊಳ್ದು, ಅಳ್ದು ಕೊಟ್ಮೇಲೆ ದುಡ್ಡು.
ಆ ಮನೇಲಿ ರಾತ್ರಿ ಕಂಡ ದುಡ್ಡು
ಬೆಳಿಗ್ಗೆ ಇರೂದಿಲ್ಲ.’
ಅಷ್ಟು ಹೇಳಿ ಬೆರಳು ಮಡಚಿ ತೋರಿಸಿದ:
ಇಳಿತ ದಿನಕ್ಕೆ ಎರಡು ಘಳಿಗೆ ಹಿಂದೆ ಬೀಳುತ್ತದೆ.
ನನ್ನ ಲೆಕ್ಕದಲ್ಲಿ ನಲವತ್ತೆಂಟು ನಿಮಿಷ.
ಆ ನೀರಿನ ಮೇಲೆ ಹನ್ನೊಂದು ವರ್ಷ ಓಡಾಡಿದ್ದೇನೆ,
ಕಣ್ಣು ಕೈಗಡಿಯಾರದ ಮೇಲೆ.

ಭಾನುವಾರ ಚತುರ್ದಶಿ, ಸಂಜೆ ಐದರ ಇಳಿತ.
ನೋಡಿಬರೋಣವೆಂದು ಹೋದೆ.
ಕುಸಲಿ ದೋಣಿಯ ಅಂಚಿಗೆ ಕೂತು ಕವಳ ಹಾಕಿದ್ದಳು,
ಬುಟ್ಟಿ ಬೋರಲು.
ಮುಕ್ಕಾಲು ಗಂಟೆ ಏನೂ ಮಾಡಲಿಲ್ಲ.
(ನಾನು ಮೊಬೈಲಿನಲ್ಲಿ ಮೂರು ಮೆಸೇಜಿಗೆ ಉತ್ತರ ಬರೆದೆ.)
ಆಮೇಲೆ ಬಗ್ಗಿದವಳು
ಎರಡು ತಾಸು ತಲೆ ಎತ್ತಲಿಲ್ಲ.

ಬಗ್ಗಿಕೊಂಡೇ ಹೇಳಿದಳು:
ಅಷ್ಟಮಿಗೆ ನಡುಮಧ್ಯಾಹ್ನ, ಅನುಕೂಲದ ಹೊತ್ತು,
ಆದರೆ ಸೊಂಟಮಟ್ಟ ನೀರು, ಹೋಗಲೊಲ್ಲದು.
ಹುಣ್ಣಿಮೆಗೆ ದಿಣ್ಣೆ ಪೂರಾ ತೆರೆಯುತ್ತದೆ,
ಬೆಳಗಿನ ಜಾವ,
ಮಗಳಿಗೆ ಗಂಜಿ ಬೇಯಿಸುವ ಹೊತ್ತಿಗೇ.
ಎರಡೂ ಕೂಡಿಬರುವ ತಿಥಿ
ಯಾವ ಪಂಚಾಂಗದಲ್ಲೂ ಇಲ್ಲ.

ಏಕಾಏಕಿ ನೆಟ್ಟಗಾದಳು.
ನನಗೇನೂ ಕಾಣಿಸಲಿಲ್ಲ; ಅವಳ ಹರಡಿಗೆ ಗೊತ್ತಾಗಿತ್ತು.
ಕಾಲಡಿ ಇನ್ನೂ ಬಳಚು ಸಿಗುತ್ತಿತ್ತು.
‘ಇನ್ನೊಂದು ಬೊಗಸೆ?’ ಎಂದೆ.
‘ನಮ್ಮ ಚಿಕ್ಕಿ ಹಾಗೇ ಅಂದ್ಕಂಡು ನಿಂತದ್ದು’
ಎಂದು ಬುಟ್ಟಿ ತೊಳೆಯತೊಡಗಿದಳು.
ಮುಂದೆ ನಾನು ಕೇಳಲಿಲ್ಲ.

ಈಗ ಡೈರಿಯ ಅಂಚಿಗೆ ಪೆನ್ಸಿಲಿನಲ್ಲಿ ತಿಥಿ.
ಗಡಿಯಾರ ಎರಡು ನಿಮಿಷ ಮುಂದೆಯೇ,
ಮೂರಕ್ಕೆ ಕ್ಯಾಶ್ ಬಂದ್, ಅದು ಇಲಾಖೆಯ ಮಾತು.
ದಶಮಿ, ಏಕಾದಶಿ, ದ್ವಾದಶಿಗೆ ಮಾತ್ರ
ಸಂಜೆ ದಕ್ಕೆಯಲ್ಲಿ ಕೊಟ್ಟೆ ಕೈ ಬದಲಾಗುತ್ತದೆ.
ಒದ್ದೆ ನೋಟು ನಮ್ಮನೆ ಅಕ್ಕಿಡಬ್ಬದ ಮೇಲೆ ರಾತ್ರಿ ಕಳೆದು
ಮರುದಿನ ನನ್ನ ಜೊತೆ ಬಾರ್ಜು ಹತ್ತುತ್ತವೆ.

ಅದನ್ನೂ ಒಂದು ಸಾಲು ಮಾಡಿ ಬರೆದೆ, ಹದಿನೇಳನೆಯದು.
ಹೊತ್ತಿನ ಕಲಮಿನಲ್ಲಿ ಏನು ಹಾಕುವುದೆಂದು ತಿಳಿಯದೆ
ಪೆನ್ನು ಹಿಡಿದು ಕೂತಿದ್ದಾಗ
ಒಳಗೆ ಹಾಲು ಉಕ್ಕಿತು.